ಬ್ರೇಕ್ ಚೆನ್ನಾಗಿದೆ ಸಾರ್

ಸಾದಾ ಅಂಗಿಯ ಮೇಲೆ ಕೊರಳಿಗೆ ತೂಗುಹಾಕಿದ್ದ ರಟ್ಟಿನ ಚೀಟಿ ಗಾಳಿಗೆ ಮಗುಚಿಕೊಂಡಾಗಲೆಲ್ಲ ಅವನು ಅದನ್ನು ಮತ್ತೆ ತಿರುಗಿಸಿಕೊಳ್ಳಬೇಕಿತ್ತು. ಅದರ ಮೇಲೆ ದಪ್ಪ ಅಕ್ಷರದಲ್ಲಿ ‘ಚಾಲಕ’ ಎಂದು ಬರೆದಿತ್ತು. ಅವನು ಚಾಲಕನಲ್ಲ, ಹನ್ನೆರಡು ವರ್ಷ ರಸ್ತೆಯಲ್ಲಿ ನಿಂತು ಚಾಲಕರನ್ನು ನಿಲ್ಲಿಸಿದ ಟ್ರಾಫಿಕ್ ಪೇದೆ ಎಂಬುದು ಆ ಅಂಗಳದಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಗೊತ್ತಿದ್ದೂ ಬೆಳಗ್ಗೆ ಒಂಬತ್ತೂವರೆಯಿಂದ ಎಲ್ಲರ ಬಾಯಲ್ಲೂ ಅವನು ಡ್ರೈವರ್ರೇ. ನೀರು ಕೊಡಲು ಬಂದ ಮುದುಕ ಕೂಡ “ಡ್ರೈವರ್‌ಗೆ ಆಮೇಲೆ, ಮೊದಲು ಸಾಹೇಬರಿಗೆ” ಎಂದು ಅವನ ಮೂಗಿನ ಕೆಳಗಿಂದಲೇ ಲೋಟ ದಾಟಿಸಿಕೊಂಡು ಹೋಗಿದ್ದ. ಒಂದು ರಟ್ಟಿನ ಚೂರಿಗೆ ಇಷ್ಟು ಶಕ್ತಿ ಇದ್ದರೆ ಖಾಕಿ ಬಟ್ಟೆ ಯಾಕೆ ಹೊಲಿಸಬೇಕು, ದಂಡಕ್ಕೆ, ಎಂದುಕೊಂಡು ಅವನು ವ್ಯಾನಿನ ಸ್ಟಿಯರಿಂಗ್ ಮೇಲೆ ಎರಡೂ ಕೈ ಇಟ್ಟು ಐದನೇ ಜೋಡಿಗಾಗಿ ಕಾದ. ಕೈಗಳು ಹೊರಗೆ ಕಾಣುವಂತಿರಬೇಕು. ಹಾಗೆಂದು ತರಬೇತಿ ಪುಸ್ತಕದಲ್ಲಿ ಬರೆದಿತ್ತು.

ಇಪ್ಪತ್ತು ಜೋಡಿ. ನಲವತ್ತು ಜನ ಹೊಸ ಪೊಲೀಸರು. ಒಂದೊಂದು ಜೋಡಿಗೆ ಆರು ನಿಮಿಷ, ಅದರ ಮೇಲೆ ಹತ್ತು ನಿಮಿಷ ಪಾಠ. ತರಬೇತಿ ಕೇಂದ್ರದ ಹಿಂದಿನ ಡಾಂಬರು ಅಂಗಳದಲ್ಲಿ ಸೀಮೆಸುಣ್ಣದಿಂದ ರಸ್ತೆ ಗೀಚಿದ್ದರು, ಎರಡು ಕೆಂಪು ಕೋನ್ ಇಟ್ಟಿದ್ದರು, ಅವುಗಳ ಮಧ್ಯೆ ಈ ಬಿಳಿ ವ್ಯಾನು. ಯಾರದೋ ವ್ಯಾನು, ವಿಮೆ ಮುಗಿದಿದ್ದಕ್ಕೆ ಹಿಡಿದು ತಂದಿದ್ದು, ಮೂರು ವಾರದಿಂದ ಇಲ್ಲೇ ಬಿಸಿಲಿಗೆ ಬಿದ್ದಿತ್ತು. ತರಬೇತಿಗೆಂದು ಅದರೊಳಗೆ ನಿನ್ನೆ ಸಂಜೆ ಹತ್ತು ದೋಷ ಇಟ್ಟಿದ್ದರು. ಎಡಗಡೆ ಇಂಡಿಕೇಟರಿನ ಬಲ್ಬು ತೆಗೆದದ್ದು ಅವನೇ. ಹಾರ್ನಿನ ವೈರು ಕಿತ್ತದ್ದು ಅವನೇ. ಹಿಂದಿನ ಚಕ್ರದ ಒಂದು ನಟ್ಟು ಸಡಿಲಿಸಿದ್ದು, ವೈಪರ್ ರಬ್ಬರ್ ಹರಿದದ್ದು, ಔಷಧಿ ಡಬ್ಬಿ ಖಾಲಿ ಮಾಡಿದ್ದು, ಎಲ್ಲವೂ ಅವನದೇ ಕೈಕೆಲಸ. ಹೊಸಬರು ಬಂದು ಗಾಡಿ ನಿಲ್ಲಿಸಬೇಕು, ಕಾಗದ ಕೇಳಬೇಕು, ಸುತ್ತ ನಡೆದು ಹತ್ತನ್ನೂ ಹುಡುಕಬೇಕು, ಅಚ್ಚಾದ ಹಾಳೆಯಲ್ಲಿ ಗುರುತು ಹಾಕಬೇಕು. ಬಿತ್ತಿದವನೇ ಕುಳಿತು ಇನ್ನೊಬ್ಬರು ಕೀಳುವುದನ್ನು ಇಪ್ಪತ್ತು ಸಲ ನೋಡುವುದಕ್ಕಿಂತ ಬೇಸರದ ಕೆಲಸ ಸರ್ಕಾರದಲ್ಲಿ ಇರಲಿಕ್ಕಿಲ್ಲ.

“ಏಯ್ ಡ್ರೈವರ್, ಗಾಡಿ ಸೈಡಿಗೆ ಹಾಕು!”

“ಹಾಕು ಅಲ್ಲ ಮಾರಾಯ, ಹಾಕಿ. ಹಾಕಿ ಅನ್ನು. ಪಾಯಿಂಟ್ ನೋಟ್ ಮಾಡ್ಕೊಳ್ಳಿ ಎಲ್ರೂ. ಮರ್ಯಾದೆ ಕೊಟ್ಟು ದಂಡ ಹಾಕಿದ್ರೆ ಅವನು ಎರಡು ಸಲ ನೋಯ್ತಾನೆ.”

ಹಾಗೆ ತಿದ್ದಿದವರು ತರಬೇತುದಾರರು. ಮಾತಿಗೊಮ್ಮೆ ಪಾಯಿಂಟ್ ಎನ್ನುತ್ತಿದ್ದುದರಿಂದ ಅವರಿಗೆ ಪಾಯಿಂಟ್ ಸಾಹೇಬರು ಎಂದೇ ಹೆಸರು. ಕೆಟ್ಟ ಮನುಷ್ಯರಲ್ಲ. ಛತ್ರಿ ಹಿಡಿದು, ಕೊರಳಲ್ಲಿ ಸ್ಟಾಪ್‌ವಾಚ್ ಹಾಕಿಕೊಂಡು, ಮದುವೆ ಮನೆಯಲ್ಲಿ ಹೆಣ್ಣಿನ ಕಡೆಯವರು ಓಡಾಡುವ ಹಾಗೆ ಓಡಾಡುತ್ತಿದ್ದರು. ಅವರ ಶರ್ಟಿನ ಎಡ ಜೇಬಿನಲ್ಲಿ ನಾಲ್ಕು ಮಡಿಕೆಯ ಒಂದು ಕಾಗದವಿತ್ತು. ಅದರ ಒಂದು ಮೂಲೆ ಹೊರಗೆ ಇಣುಕುತ್ತಿತ್ತು. ಅದನ್ನು ಅವನು ಬೆಳಗ್ಗೆಯಿಂದ, ಬೆಕ್ಕು ಹಾಲಿನ ಪಾತ್ರೆ ನೋಡುವ ಹಾಗೆ ನೋಡುತ್ತಿದ್ದ. ಹದಿನಾಲ್ಕು ತಿಂಗಳ ಹಿಂದೆ ಅವನನ್ನು ಊರಿನ ವೃತ್ತದಿಂದ ಎತ್ತಿ ಇಲ್ಲಿ ಒಗೆದಿದ್ದರು. ಇಲ್ಲಿಂದ ‘ಈತನ ಸೇವೆ ತೃಪ್ತಿಕರ, ಮರಳಿ ಕಳಿಸಬಹುದು’ ಎಂದು ಒಂದು ಸಾಲು ಹೋದರೆ ಸೋಮವಾರ ಅವನು ಮನೆಯಲ್ಲಿರುತ್ತಾನೆ. ಸಾಲು ಟೈಪಾಗಿತ್ತು. ಸಹಿ ಆಗಿರಲಿಲ್ಲ. “ಇವತ್ತಿನ ದಿನ ಸರಿಯಾಗಿ ಮುಗಿಸ್ಕೊಡು, ಸಂಜೆ ಹಾಕ್ತೀನಿ” ಎಂದು ಪಾಯಿಂಟ್ ಸಾಹೇಬರು ಜೇಬು ತಟ್ಟಿ ಹೇಳಿದ್ದರು.

“ಬ್ರೇಕ್ ಹೇಗಿದೆ?” ಎಂದು ಐದನೇ ಜೋಡಿಯಲ್ಲಿ ಉದ್ದನೆಯವನು ಹಾಳೆ ನೋಡಿಕೊಂಡು ಕೇಳಿದ. ಅವನ ಮುಖ ನೋಡಲಿಲ್ಲ.

“ಚೆನ್ನಾಗಿದೆ ಸಾರ್.”

ಉದ್ದನೆಯವನು ಗುರುತು ಹಾಕಿದ.

ಅಷ್ಟೇ. ಅದು ಆರನೇ ಪ್ರಶ್ನೆ. ಹಾಳೆಯಲ್ಲಿ ಹಾಗೇ ಅಚ್ಚಾಗಿತ್ತು: ಬ್ರೇಕ್, ಚಾಲಕನನ್ನು ವಿಚಾರಿಸಿ. ಚಾಲಕ ಏನು ಹೇಳಬೇಕು ಎಂಬುದೂ ಅವನಿಗೆ ಕೊಟ್ಟ ಕಾಗದದಲ್ಲಿ ಅಚ್ಚಾಗಿತ್ತು: ಚೆನ್ನಾಗಿದೆ. ಆದರೆ ಬೆಳಗ್ಗೆ ವ್ಯಾನನ್ನು ಗೋಡೆ ಬದಿಯಿಂದ ಸುಣ್ಣದ ಗೆರೆಯ ತನಕ ತಂದು ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆಯುವ ಮೊದಲು ಪೆಡಲ್ ಮೇಲೆ ಕಾಲಿಟ್ಟುಕೊಂಡು ಕನ್ನಡಿ ಸರಿಮಾಡುತ್ತಿದ್ದಾಗ, ಅವನ ಪಾದದ ಕೆಳಗೆ ಏನೋ ಮೆಲ್ಲಗೆ ಜಾರಿತ್ತು. ಒತ್ತಿದ ಕೂಡಲೇ ಗಟ್ಟಿ. ಒತ್ತಿ ಹಿಡಿದರೆ, ಕೆಸರಿನಲ್ಲಿ ಕಾಲಿಟ್ಟ ಹಾಗೆ, ಒಂದೇ ಸಮ ಕೆಳಗೆ, ಕೆಳಗೆ, ತಳಕ್ಕೆ. ವ್ಯಾನು ಒಂದು ಗೇಣು ಮುಂದೆ ತೆವಳಿ ಕೋನ್ ಅನ್ನು ಉರುಳಿಸಿತ್ತು. ಹೊರಗೆ ಒಂದು ಹನಿ ಎಣ್ಣೆ ಸೋರಿರಲಿಲ್ಲ. ಒಳಗೊಳಗೇ ಹೋಗಿತ್ತು.

ಅವನು ಇಳಿದುಹೋಗಿ ಹೇಳಿದ್ದ. ಹೇಳಲಿಲ್ಲ ಅಂತಲ್ಲ. “ಸಾರ್, ಇದರ ಬ್ರೇಕ್ ಇಳೀತಿದೆ. ನಾವು ಇಟ್ಟಿದ್ದಲ್ಲ ಇದು. ನಿಜವಾಗ್ಲೂ ಹೋಗಿದೆ.”

“ಎಷ್ಟು ದೋಷ ಅಂತ ಪ್ರಿಂಟ್ ಆಗಿದೆ?”

“ಹತ್ತು ಸಾರ್.”

“ಹನ್ನೊಂದನೇದನ್ನ ಎಲ್ಲಿ ಬರೀಲಿ, ಹಣೆ ಮೇಲಾ? ನೂರು ಹಾಳೆ ಮಾಡ್ಸಿದೀನಿ. ಗಾಡಿ ಓಡಲ್ವಲ್ಲಯ್ಯಾ, ನಿಂತಿರತ್ತೆ. ನಿಂತ ಗಾಡಿಗೆ ಬ್ರೇಕ್ ಯಾಕೆ?”

ಅವನಿಗೆ ಉರಿ ಹತ್ತಿತು. ಪಾಯಿಂಟ್ ಸಾಹೇಬರ ಮಾತು ಯಾವಾಗಲೂ ಸರಿಯೇ ಇರುತ್ತಿತ್ತು, ಸರಿಯಾಗಿದ್ದೂ ಎಲ್ಲೋ ಒಂದು ಕಡೆ ಒಂದು ನಟ್ಟು ಸಡಿಲ. ಅವನು ಬಾಯಿ ಮುಚ್ಚಿಕೊಂಡು ಬಂದು ಕುಳಿತ. ಬಾಯಿ ಮುಚ್ಚಿಕೊಳ್ಳದೆ ಕೆಟ್ಟದ್ದು ಸಾಕಾಗಿತ್ತು. ಊರಿನಲ್ಲಿ ಅವನ ಮೇಲಿನ ಇನ್ಸ್‌ಪೆಕ್ಟರಿಗೆ ಸದಾ ಹರಳೆಣ್ಣೆ ಕುಡಿದ ಮುಖ. ಇಡೀ ಠಾಣೆಯೇ ಅವರನ್ನು ಹಿಂದಿನಿಂದ ಹರಳೆಣ್ಣೆ ಎನ್ನುತ್ತಿತ್ತು. ಒಂದು ಬೆಳಗ್ಗೆ ವೃತ್ತದಲ್ಲಿ ನಿಂತು, ವೈರ್‌ಲೆಸ್ಸಿನ ಗುಂಡಿ ಸಿಕ್ಕಿಕೊಂಡಿದೆ ಎಂಬುದು ತಿಳಿಯದೆ, ಜೊತೆಯವನಿಗೆ “ಹರಳೆಣ್ಣೆ ಇನ್ನೂ ಹಾಸಿಗೆ ಬಿಟ್ಟಿಲ್ಲ, ನೀನು ಹೋಗಿ ಟೀ ಕುಡ್ಕೊಂಡು ಬಾ” ಎಂದಿದ್ದ. ನಗರದ ಅರವತ್ತು ಸೆಟ್ಟುಗಳಲ್ಲಿ ಅದು ಕೇಳಿಸಿತು. ಆಮೇಲೆ ಒಂದು ದನಿ, ಬಹಳ ಶಾಂತವಾಗಿ, “ಹರಳೆಣ್ಣೆ ಎದ್ದಿದೆ. ಸೆಟ್ ಇಟ್ಟು ಠಾಣೆಗೆ ಬಾ” ಎಂದಿತು. ಹಾಗೆ ಬಂದು ಬಿದ್ದದ್ದು ಇಲ್ಲಿ, ಊರಿಗೆ ಎರಡು ಗಂಟೆಯ ಬಸ್ ದಾರಿ. ಭಾನುವಾರ ಮಾತ್ರ ಮನೆ. ಆರು ವರ್ಷದ ಮಗಳು ದಿನವೂ ಫೋನಿನಲ್ಲಿ ಕೇಳುತ್ತಾಳೆ, “ಅಪ್ಪಾ, ಇವತ್ತು ಎಷ್ಟು ಗಾಡಿ ನಿಲ್ಲಿಸ್ದೆ?” ನೂರು, ಎನ್ನುತ್ತಾನೆ. ಇನ್ನೂರು. ಹಬೆಯಾಡುವ ಅಡುಗೆಮನೆಯಿಂದ ಹೆಂಡತಿಯ ದನಿ, “ಬುರುಡೆ ಬಿಡ್ತಾರೆ, ನಂಬ್ಬೇಡ.”

ಒಂಬತ್ತನೇ ಜೋಡಿಯಲ್ಲಿ ದಪ್ಪ ಕನ್ನಡಕದ ಹುಡುಗಿಯೊಬ್ಬಳಿದ್ದಳು. ಉಳಿದವರು ವ್ಯಾನನ್ನು ದೇವರಿಗೆ ಸುತ್ತು ಬರುವ ಹಾಗೆ ಸುತ್ತಿದ್ದರೆ ಇವಳು ಪ್ರತಿ ಚಕ್ರದ ಬಳಿ ಕುಕ್ಕರುಗಾಲಲ್ಲಿ ಕುಳಿತು ನಟ್ಟುಗಳನ್ನು ಒಂದೊಂದಾಗಿ ಬೆರಳಿನಿಂದ ಅಲ್ಲಾಡಿಸಿ ನೋಡಿದಳು. ಅವಳ ಜೊತೆಗಾರ ಗಡಿಯಾರ ನೋಡಿಕೊಂಡು “ಬೇಗ ಬಾರೇ, ಚಿನ್ನ ಹುಡುಕ್ತಿದ್ದೀಯಾ?” ಎಂದ. “ನೀನು ಸುಮ್ನಿರು, ಮನೇಲಿ ಬೀಗ ಹಾಕಿದ್ನಾ ಅಂತ ನೋಡೋಕೆ ಎರಡು ಸಲ ವಾಪಸ್ ಹೋಗೋಳು ನಾನು” ಎಂದಳು. ಆಮೇಲೆ ಅವನ ಕಿಟಕಿಗೆ ಬಂದು, ಹಾಳೆಯಿಂದ ಕಣ್ಣು ತೆಗೆದು, ಅವನ ಮುಖವನ್ನೇ ನೋಡುತ್ತ ಕೇಳಿದಳು.

“ಬ್ರೇಕ್ ಹೇಗಿದೆ ಅಣ್ಣಾ?”

“ಚೆನ್ನಾಗಿದೆ.” ಸಾರ್ ಎನ್ನಲೋ ಮೇಡಂ ಎನ್ನಲೋ ತಿಳಿಯದೆ ಅವನು ಮಾತನ್ನು ಅಲ್ಲೇ ತುಂಡರಿಸಿದ.

“ಸ್ವಲ್ಪ ಕಾಲು ಆಚೆ ತೆಗೀರಿ” ಎಂದಳು. ಬಾಗಿಲು ತೆಗೆದು, ಬಗ್ಗಿ, ಅಂಗೈಯಿಂದ ಪೆಡಲನ್ನು ಒತ್ತಿದಳು. ಅವಳ ಜಡೆ ಅವನ ಮೊಣಕಾಲಿನ ಮೇಲೆ ಬಿತ್ತು. ಪೆಡಲ್ ಗಟ್ಟಿಯಾಗಿತ್ತು. ಒತ್ತಿ ಹಿಡಿದುಕೊಳ್ಳಮ್ಮ, ಎಂದು ಅವನ ಗಂಟಲವರೆಗೆ ಬಂತು. ಇನ್ನು ನಾಲ್ಕು ಎಣಿಕೆ ಹಿಡಿ, ಬೇರೇನೂ ಬೇಡ. ಅಷ್ಟರಲ್ಲಿ “ಐದು ನಿಮಿಷ ನಲವತ್ತು! ಬ್ರೇಕ್ ವಿಚಾರಿಸ್ಬೇಕು, ಮುಟ್ಟೋ ಹಾಗಿಲ್ಲ, ಪಾಯಿಂಟ್ ನೋಟ್ ಮಾಡ್ಕೊಳ್ಳಿ!” ಎಂದು ಛತ್ರಿ ಓಡಿಬಂತು. ಹುಡುಗಿ ಕೈ ತೆಗೆದು, ಅಂಗೈಗೆ ಅಂಟಿದ ಧೂಳನ್ನು ಪ್ಯಾಂಟಿಗೆ ಒರೆಸಿ, ಗುರುತು ಹಾಕಿದಳು. ಹೋಗುತ್ತ ಅವನ ಕಡೆ ನೋಡಿ ನಕ್ಕಳು. ಆ ನಗು ಅವನಿಗೆ ಕೆನ್ನೆಗೆ ಹೊಡೆದಂತಾಯಿತು. ಉಳಿದ ಹತ್ತೊಂಬತ್ತು ಜೋಡಿಗಳಿಗೆ ಅವನು ಸುಳ್ಳು ಹೇಳುವುದು ಕಾಗದದ ಮೇಲಿನ ಮಾತು ಓದಿದ ಹಾಗೆ. ಇವಳಿಗೆ ಹೇಳಿದ್ದು ಮಾತ್ರ ತಾನೇ ಹೇಳಿದ್ದು.

ಅಪ್ಪನಿದ್ದಿದ್ದರೆ ಕಪಾಳಕ್ಕೆ ಬಿಡುತ್ತಿದ್ದ. ಅಪ್ಪ ಲಾರಿ ಡ್ರೈವರ್, ಚೀಟಿ ತೂಗುಹಾಕಿಕೊಂಡ ಡ್ರೈವರ್ ಅಲ್ಲ. ಅವನಿಗೆ ಹತ್ತೊಂಬತ್ತಾದಾಗ ಪಕ್ಕದಲ್ಲಿ ಕೂರಿಸಿಕೊಂಡು ಓಡಿಸಲು ಕಲಿಸಿದ್ದ. ಗಾಡಿ ಬಿಡುವ ಮೊದಲು ಬ್ರೇಕ್ ಒತ್ತಿ ಹಿಡಿದು ಹತ್ತರವರೆಗೆ ಎಣಿಸಬೇಕು, ಗಟ್ಟಿಯಾಗಿ, ಪಕ್ಕದವನಿಗೆ ಕೇಳುವಂತೆ. ಮಳೆ ಬರಲಿ, ಲೋಡು ತಡವಾಗಲಿ, ಮಾಲೀಕ ಕೆಳಗೆ ನಿಂತು ಕಿರುಚಲಿ, ಎಣಿಕೆ ನಿಲ್ಲುತ್ತಿರಲಿಲ್ಲ. “ಹತ್ತಕ್ಕೆ ಮುಂಚೆ ಇಳಿದ್ರೆ ಅದು ಬ್ರೇಕಲ್ಲ ಮಗಾ, ಬರೀ ಪೆಡಲ್ಲು.” ಆ ಅಪ್ಪನನ್ನೇ ಒಂದು ಮಧ್ಯಾಹ್ನ ತಪಾಸಣೆಯವರು ಇಳಿಸಿ, ಕಾಗದ ಎಲ್ಲ ಸರಿಯಿದ್ದರೂ, ಟೋಪಿ ತೆಗಿ ಎಂದಿದ್ದರು. ಯಾಕೆ ಎಂದು ಅಪ್ಪ ಕೇಳಲಿಲ್ಲ. ಟೋಪಿ ತೆಗೆದು ಕಂಕುಳಲ್ಲಿಟ್ಟುಕೊಂಡ. ಬೋಳು ತಲೆ ಬಿಸಿಲಿಗೆ ಹೊಳೆಯಿತು. ಆ ಪೊಲೀಸಿನವನಿಗಿಂತ ಅಪ್ಪ ಇಪ್ಪತ್ತು ವರ್ಷ ದೊಡ್ಡವನಿರಬೇಕು. ಮಗ ಕ್ಯಾಬಿನ್ನಿನಲ್ಲಿ ಕುಳಿತು ತನ್ನ ಕಾಲಬೆರಳು ನೋಡಿಕೊಳ್ಳುತ್ತಿದ್ದ. ಮುಂದಿನ ವರ್ಷ ಪೊಲೀಸ್ ಭರ್ತಿಗೆ ಅರ್ಜಿ ಹಾಕಿದ. ಓದು ಬಿಟ್ಟವನಿಗೆ ಬೇರೆ ದಾರಿ ಇರಲಿಲ್ಲ ಎಂದು ಎಲ್ಲರಿಗೂ ಹೇಳಿದ, ಅದು ನಿಜವೂ ಆಗಿತ್ತು, ಆದರೆ ರಸ್ತೆಯಲ್ಲಿ ಇನ್ನು ನಿಲ್ಲುವುದಾದರೆ ನಿಲ್ಲಿಸುವವರ ಬದಿಯಲ್ಲಿ ನಿಲ್ಲಬೇಕು ಎಂಬ ಹಟವೂ ಇತ್ತು. ನಿಂತು ಏನು ಕಿಸಿದ? ಹಿಂದಿನ ದೀಪ ಉರಿಯದ ಮೂರು ಚಕ್ರದ ಗಾಡಿಯ ಮುದುಕನೊಬ್ಬನನ್ನು ಹಿಡಿದು, ಬಲ್ಬ್ ಬಿಚ್ಚಿ ಕೈಗೆ ಕೊಟ್ಟು, “ಅಲ್ಲೇ ನಿಂತಿರು” ಎಂದು ಹೇಳಿ, ಯಾರೋ ಕರೆದರೆಂದು ಹೋಗಿ, ಟೀ ಕುಡಿದು, ಮರೆತೇಬಿಟ್ಟಿದ್ದ. ಸಿಟ್ಟಿನಿಂದ ನಿಲ್ಲಿಸಿದ್ದರೆ ಅದಾದರೂ ಒಂದು ಮಾತು. ಮರೆತಿದ್ದ. ಒಂದು ಗಂಟೆಯ ಮೇಲೆ ಬಂದು ನೋಡಿದರೆ ಮುದುಕ ಅಲ್ಲೇ, ಸುಟ್ಟ ಬಲ್ಬನ್ನು ಮೊಟ್ಟೆ ಹಿಡಿದ ಹಾಗೆ ಅಂಗೈಯಲ್ಲಿ ಹಿಡಿದುಕೊಂಡು ನಿಂತಿದ್ದಾನೆ. “ಈಗ ಹೋಗ್ಲಾ ಸಾರ್?” ಎಂದ. ಅಷ್ಟೇ ಕೇಳಿದ.

ಊಟದ ನಂತರ ಹಾಳೆ ಬದಲಾಯಿತು. ಹನ್ನೊಂದನೇ ಜೋಡಿಯಿಂದ ಅವನು ‘ವಾದ ಮಾಡುವ ಚಾಲಕ’. ಬೆಳಗ್ಗೆ ‘ಸಭ್ಯ ಚಾಲಕ’ನಾಗಿದ್ದವನು ಅನ್ನ ತಿಂದು ಕೆಟ್ಟುಹೋದನಂತೆ. ಅವನ ಕಾಗದದಲ್ಲಿ ಏನೇನು ಹೇಳಬೇಕೆಂದು ಬರೆದಿತ್ತು: ನಾನು ಯಾರು ಗೊತ್ತಾ, ನಿಮ್ಮ ಸಾಹೇಬರ ನಂಬರ್ ನನ್ನ ಹತ್ರ ಇದೆ, ಬೇರೆ ಗಾಡಿ ಎಲ್ಲ ಬಿಟ್ಟು ನನ್ನೇ ಯಾಕೆ ಹಿಡಿದ್ರಿ. ಹನ್ನೆರಡು ವರ್ಷ ಇವನ್ನೆಲ್ಲ ಕೇಳಿ ಕೇಳಿ ಕಿವಿ ತೂತಾಗಿತ್ತು, ಈಗ ತಾನೇ ಹೇಳುವಾಗ ನಾಲಗೆಗೆ ರುಚಿ ಹತ್ತಿತು. ವ್ಯಾನಿನ ತಗಡು ಕಾದು ಒಳಗೆ ಬೇಯುತ್ತಿತ್ತು. ಹದಿನಾಲ್ಕನೇ ಜೋಡಿಯಲ್ಲಿ ಕುಸ್ತಿ ಆಡುವವನಂಥ ಒಬ್ಬ ಬಂದು ಬಾನೆಟ್ ಮೇಲೆ ದಬದಬ ಬಡಿದ.

“ಇಳಿಯೋ ಕೆಳಗೆ!”

“ಯಾಕಿಳೀಲಿ? ಏನು ತಪ್ಪು ಮಾಡಿದೀನಿ?”

“ಬ್ರೇಕ್ ಹೇಗಿದೆ, ಅದ್ಹೇಳು ಮೊದ್ಲು.”

ಆಗ ಅದು ಹೊರಗೆ ಬಂತು. “ಬ್ರೇಕ್ ಇಲ್ಲ ಕಣ್ರೀ!” ಎಂದು ಅವನು ಕಿರುಚಿದ. “ಇಲ್ಲ! ಪೆಡಲ್ ತಳಕ್ಕೆ ಹೋಗತ್ತೆ! ಬೆಳಗ್ಗೆಯಿಂದ ಹದಿಮೂರು ಜನ ಬಂದು ಕೇಳಿದ್ರಿ, ಒಬ್ಬನಾದ್ರೂ ಒಳಗೆ ಕೂತು ಕಾಲಿಟ್ಟು ನೋಡಿದ್ರಾ? ಬನ್ನಿ, ಕೂತ್ಕೊಳ್ಳಿ, ನೋಡಿ!”

ಅಂಗಳದ ತುಂಬ ಚಪ್ಪಾಳೆ. ನೆರಳಿನಲ್ಲಿ ಸಾಲಾಗಿ ಕುಳಿತ ಮೂವತ್ತೆಂಟು ಜನರೂ ಚಪ್ಪಾಳೆ ತಟ್ಟಿದರು, ಯಾರೋ ಸಿಳ್ಳೆ ಹಾಕಿದ. ಪಾಯಿಂಟ್ ಸಾಹೇಬರು ಛತ್ರಿ ಮಡಚಿ ಓಡೋಡಿ ಬಂದರು, ಕಣ್ಣಲ್ಲಿ ನೀರು ಬರುವಷ್ಟು ಖುಷಿ. “ನೋಡಿ, ನೋಡಿ, ಹೀಗೇ ಮಾಡ್ತಾರೆ ಅವರು! ಇಲ್ಲದ ದೋಷ ಹೇಳಿ ನಿಮ್ಮ ಗಮನ ಬೇರೆ ಕಡೆ ತಿರುಗಿಸ್ತಾರೆ, ಅಷ್ಟ್ರಲ್ಲಿ ನೀವು ಔಷಧಿ ಡಬ್ಬಿ ನೋಡೋದು ಮರೀತೀರಿ. ಇದು ಪಾಯಿಂಟ್! ಏನು ಆಕ್ಟಿಂಗ್ ಮಾಡ್ತೀಯಯ್ಯಾ ನೀನು, ನಾಟಕದ ಕಂಪನಿ ಸೇರ್ಬೇಕಿತ್ತು.” ಬೆನ್ನು ತಟ್ಟಿ, ಇನ್ನೊಂದು ಕೈಯಿಂದ ಜೇಬನ್ನೂ ತಟ್ಟಿಕೊಂಡರು. ಬೇರೆ ಯಾರಿಗೂ ಕೇಳದ ಹಾಗೆ “ಸಾಕು, ಪಟ್ಟಿ ಪ್ರಕಾರ ಹೋಗು” ಎಂದರು. ಅವರ ಕಣ್ಣು ಮಾತ್ರ ಆಗ ನಗಲಿಲ್ಲ. ಕುಸ್ತಿಯವನು ಹಾಳೆಯ ಕೆಳಗೆ ಬರೆದುಕೊಂಡ: ಚಾಲಕ ದಾರಿ ತಪ್ಪಿಸಲು ಯತ್ನಿಸಿದ. ಬ್ರೇಕ್ ಸರಿ.

ಅದಾದ ಮೇಲೆ ಅವನು ಏನನ್ನೂ ಸೇರಿಸಲಿಲ್ಲ. ಹದಿನೈದು, ಹದಿನಾರು, ಹದಿನೇಳು. ಚೆನ್ನಾಗಿದೆ ಸಾರ್. ಚೆನ್ನಾಗಿದೆ ಸಾರ್. ಮಾತು ಬಾಯಿಯಲ್ಲಿ ಸುಪಾರಿಯ ಹಾಗೆ ಅಗಿದು ಅಗಿದು ರಸ ಹೋಗಿ ಜುಂಗು ಉಳಿದಿತ್ತು. ಯೋಚಿಸಿದರೆ ಊರಿನ ವೃತ್ತದಲ್ಲಿ ಅವನೂ ಹೀಗೇ ತಪಾಸಣೆ ಮಾಡಿದ್ದು. ಹನ್ನೆರಡು ವರ್ಷ ಕಿಟಕಿಗೆ ಬಗ್ಗಿ ಬ್ರೇಕ್ ಹೇಗಿದೆ ಎಂದು ಕೇಳಿದ್ದಾನೆ, ಎಲ್ಲರೂ ಚೆನ್ನಾಗಿದೆ ಎಂದಿದ್ದಾರೆ, ಅವನು ಗುರುತು ಹಾಕಿದ್ದಾನೆ. ಅಪ್ಪನ ಹತ್ತರ ಎಣಿಕೆಯನ್ನು ಖಾಕಿ ತೊಟ್ಟ ದಿನವೇ ಮನೆಯ ಗೂಟಕ್ಕೆ ನೇತುಹಾಕಿ ಬಂದಿದ್ದ. ಒಂದು ಗಾಡಿಗಾದರೂ ಏನಾದರೂ ಆಯಿತೋ? ಗೊತ್ತಿಲ್ಲ. ಅವು ವೃತ್ತ ದಾಟಿ ಹೋಗುತ್ತಿದ್ದವು, ವೃತ್ತದ ಆಚೆ ಅವನ ಸರಹದ್ದಲ್ಲ.

ನಾಲ್ಕೂವರೆಗೆ ಇಪ್ಪತ್ತನೇ ಜೋಡಿ ಮುಗಿಯಿತು. ಎಲ್ಲರಿಗೂ ಹತ್ತಕ್ಕೆ ಹತ್ತು, ಒಬ್ಬರಿಗೆ ಒಂಬತ್ತು. ಹೊಸಬರು ಒಳಗೆ ಫೋಟೋ ತೆಗೆಸಿಕೊಳ್ಳಲು ಹೋದರು. ಮುಗಿಯಿತಲ್ಲ, ನಿಂತ ಗಾಡಿ ನಿಂತೇ ಇರಲಿ ಎಂದುಕೊಂಡು ಅವನು ಇಳಿದು ಸೊಂಟ ನೆಟ್ಟಗೆ ಮಾಡುತ್ತಿದ್ದಾಗ ಪಾಯಿಂಟ್ ಸಾಹೇಬರು ಬಂದು, “ಆ ಹತ್ತೂ ಸರಿ ಮಾಡಿಬಿಡು, ಬೇಗ. ಗಾಡಿ ಓನರ್ ಬಂದಿದಾರೆ. ವಿಮೆ ಕಟ್ಟಿ ಬಿಡುಗಡೆ ಆರ್ಡರ್ ತಂದಿದಾರೆ” ಎಂದರು.

“ಇವತ್ತೇ ಓಡಿಸ್ಕೊಂಡು ಹೋಗ್ತಾರಾ ಸಾರ್?”

“ಇಲ್ಲ, ತಲೆ ಮೇಲೆ ಹೊತ್ಕೊಂಡು ಹೋಗ್ತಾರೆ.”

“ಬ್ರೇಕ್...”

“ನೋಡು.” ಸಾಹೇಬರು ದನಿ ತಗ್ಗಿಸಿದರು. ಮೊದಲ ಸಲ ಅವರ ಮುಖದಲ್ಲಿ ಸುಸ್ತು ಕಾಣಿಸಿತು. “ಇಪ್ಪತ್ತು ಹಾಳೇಲಿ ಬ್ರೇಕ್ ಸರಿ ಅಂತ ಸಹಿ ಬಿದ್ದಿದೆ. ಮೇಲಿನೋರು ಒಳಗೆ ಕೂತು ಅದನ್ನೇ ನೋಡ್ತಿದಾರೆ. ಈಗ ಹೋಗಿ, ಸ್ವಾಮಿ, ನಲವತ್ತು ಜನಕ್ಕೆ ನಾನು ಬ್ರೇಕಿಲ್ಲದ ಗಾಡಿ ಕೊಟ್ಟು ಬ್ರೇಕ್ ನೋಡೋದು ಕಲಿಸ್ದೆ ಅನ್ಲಾ? ಆ ಓನರಮ್ಮನ ಗಾಡಿ, ಅವಳಿಗೆ ಗೊತ್ತಿರತ್ತೆ. ಗೊತ್ತಿಲ್ದೆ ಇಷ್ಟು ದಿನ ಓಡಿಸಿದಾಳಾ? ನೀನು ಸೋಮವಾರ ಊರಲ್ಲಿರ್ತೀಯ. ಇದನ್ನ ಯೋಚ್ನೆ ಮಾಡು.” ಕಾಗದ ತೆಗೆದು, ಬಿಡಿಸಿ, ವ್ಯಾನಿನ ಬಾನೆಟ್ ಮೇಲೇ ಇಟ್ಟು ಪೆನ್ನಿನ ಮುಚ್ಚಳ ತೆಗೆದರು. ಬಿಸಿ ತಗಡಿನ ಮೇಲೆ ಪೆನ್ನು ಓಡಲಿಲ್ಲ. “ಥತ್, ಒಳಗೆ ಹೋಗಿ ಹಾಕ್ತೀನಿ” ಎಂದು ಮತ್ತೆ ಮಡಚಿ ಜೇಬಿಗಿಟ್ಟರು.

ಅವನು ಬಲ್ಬು ಹಾಕಿದ. ಹಾರ್ನಿನ ವೈರು ಸಿಕ್ಕಿಸಿದ. ಚಕ್ರದ ನಟ್ಟನ್ನು ಸ್ಪ್ಯಾನರ್ ಮೇಲೆ ನಿಂತು ಬಿಗಿ ಮಾಡಿದ. ಔಷಧಿ ಡಬ್ಬಿಗೆ ಬ್ಯಾಂಡೇಜು ತುಂಬಿ, ಹೊಸ ವೈಪರ್ ರಬ್ಬರನ್ನು ಕೇಂದ್ರದ ಉಗ್ರಾಣದಿಂದಲೇ ತಂದು ಹಾಕಿದ. ಹತ್ತೂ ಆದವು. ಇಷ್ಟು ಶ್ರದ್ಧೆಯಿಂದ ಅವನು ಹದಿನಾಲ್ಕು ತಿಂಗಳಲ್ಲಿ ಯಾವ ಕೆಲಸವನ್ನೂ ಮಾಡಿರಲಿಲ್ಲ. ಹನ್ನೊಂದನೆಯದು ಪೆಡಲಿನ ಕೆಳಗೆ ಕತ್ತಲಲ್ಲಿ ಸುಮ್ಮನೆ ಕುಳಿತಿತ್ತು.

ಒಡತಿ ಐವತ್ತರ ಹೆಂಗಸು, ಮೊಣಕೈಯವರೆಗೆ ಸೋಪಿನಿಂದ ಬೆಳ್ಳಗಾದ ಚರ್ಮ. ಆಸ್ಪತ್ರೆಗಳ ಹಾಸಿಗೆ ಬಟ್ಟೆ ಒಗೆದು ಕೊಡುವ ಕೆಲಸವಂತೆ. ಗೇಟಿನ ಬಳಿ ಅವಳ ಕೆಲಸದ ಏಳು ಹೆಂಗಸರು ಬುತ್ತಿಚೀಲ ಹಿಡಿದು ನಿಂತು ನಗುತ್ತಿದ್ದರು; ಮೂರು ವಾರದಿಂದ ನಡೆದು ನಡೆದು ಸಾಕಾದವರು ಇವತ್ತು ವ್ಯಾನಿನಲ್ಲೇ ಮನೆಗೆ ಹೋಗಬೇಕೆಂದು ಬಂದಿದ್ದರು. ಪಾಯಿಂಟ್ ಸಾಹೇಬರು ಒಳಗಿಂದ ಒಂದು ಹಾಳೆ ತಂದು ಉಡುಗೊರೆಯ ಹಾಗೆ ಎರಡೂ ಕೈಯಲ್ಲಿ ಕೊಟ್ಟರು. “ತಗೊಳ್ಳಿ ಅಮ್ಮಾ. ಒಂದೇ ದಿನ ಇಪ್ಪತ್ತು ಸಲ ತಪಾಸಣೆ ಆದ ಗಾಡಿ. ಇಡೀ ಊರಲ್ಲಿ ಹುಡುಕಿದ್ರೂ ಇನ್ನೊಂದು ಸಿಗಲ್ಲ.” ಫೋಟೋಗೆ ಕರೆ ಬಂತೆಂದು ಅವರು ಒಳಗೆ ಹೋದರು.

ಅವಳು ಹಾಳೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಮಡಚಿ ಸೊಂಟಕ್ಕೆ ಸಿಕ್ಕಿಸಿದಳು. ಅವನ ಕೊರಳ ಚೀಟಿ ಓದಲು ಕಣ್ಣು ಕಿರಿದು ಮಾಡಿದಳು. “ಡ್ರೈವರೇನಪ್ಪಾ ನೀನು? ಒಳ್ಳೇದಾಯ್ತು. ಈ ಪೊಲೀಸ್ನೋರ್ನ ಕೇಳಿದ್ರೆ ಕಾಗದ ಕೊಡ್ತಾರೆ. ನೀನ್ಹೇಳು ತಮ್ಮಾ, ಮೂರು ವಾರ ನಿಂತ ಗಾಡಿ. ಬ್ರೇಕ್ ಹೇಗಿದೆ?”

“ಚೆನ್ನಾಗಿದೆ” ಎಂದ.

ಅವನು ಹೇಳಲಿಲ್ಲ, ಬಾಯಿ ಹೇಳಿತು. ಬೆಳಗ್ಗೆಯಿಂದ ಪಳಗಿದ ಬಾಯಿ. ಪ್ರಶ್ನೆ ಬಿದ್ದ ಕೂಡಲೇ ನಲ್ಲಿ ತಿರುಗಿಸಿದ ಹಾಗೆ ಸುರಿಯಿತು. ಅವನು ಬಾಯಿ ತೆರೆದುಕೊಂಡೇ ನಿಂತ. ಇಡೀ ದಿನದಲ್ಲಿ ಉತ್ತರ ಬೇಕಾಗಿದ್ದು ಇವಳೊಬ್ಬಳಿಗೆ. ಅವಳು “ಪುಣ್ಯ ಬರ್ಲಿ” ಎಂದು ಹತ್ತಿ ಕುಳಿತು, ಎಂಜಿನ್ ಹಾಕಿ, ಸುಣ್ಣದ ರಸ್ತೆಯನ್ನು ಚಕ್ರದಲ್ಲಿ ಒರೆಸುತ್ತ ಗೇಟಿನ ಕಡೆ ತಿರುಗಿಸಿಯಾಗಿತ್ತು. ಗೇಟಿನ ಬಳಿ ಅವಳು ನಿಧಾನ ಮಾಡಿದಾಗ ಏಳು ಹೆಂಗಸರೂ ತಳ್ಳಾಡಿಕೊಂಡು ಹತ್ತಿದರು. ಗೇಟಿನ ಆಚೆ ಇಳಿಜಾರು. ಇಳಿಜಾರಿನ ಬುಡದಲ್ಲಿ ದೊಡ್ಡ ರಸ್ತೆ, ಬಸ್ ನಿಲ್ದಾಣ, ಈ ಹೊತ್ತಿಗೆ ಶಾಲೆ ಬಿಟ್ಟ ಮಕ್ಕಳು.

ಓಡಬೇಕೆಂದು ಅವನು ತೀರ್ಮಾನಿಸಲಿಲ್ಲ. ಸೋಮವಾರ ನೆನಪಾಯಿತು, ಜೇಬಿನ ಮೂಲೆಯಿಂದ ಇಣುಕುವ ಕಾಗದ ನೆನಪಾಯಿತು, ಇವರ ಮನೆ ಹಾಳಾಗ, ಇವರ ಪಟ್ಟಿಗೆ ಬೆಂಕಿ ಬೀಳ ಎಂದು ಯಾರನ್ನೆಂದು ಗೊತ್ತಿಲ್ಲದೆ ಬಯ್ಯುತ್ತ ಬಯ್ಯುತ್ತಲೇ ಓಡುತ್ತಿದ್ದ. ಚೀಟಿ ಹಾರಿ ಬೆನ್ನ ಮೇಲೆ ಬಿತ್ತು. ಗೇಟಿನ ಪಕ್ಕದ ಸಣ್ಣ ಬಾಗಿಲಿನಿಂದ ನುಗ್ಗಿ ವ್ಯಾನಿನ ಎದುರು ನಿಂತು ಬಲಗೈ ಎತ್ತಿದ. ಅಂಗೈ ಮುಂದೆ, ಬೆರಳು ಕೂಡಿ, ತೋಳು ನೆಟ್ಟಗೆ. ಹದಿನಾಲ್ಕು ತಿಂಗಳಾಗಿತ್ತು ಆ ಕೈ ಎತ್ತಿ. ಭುಜದಲ್ಲಿ ಲಟಕ್ಕೆಂದಿತು.

ವ್ಯಾನು ಮೂರು ಹೆಜ್ಜೆ ದೂರದಲ್ಲಿ ನಿಂತಿತು.

“ಏನಪ್ಪಾ, ಸಾಯ್ಬೇಕಂತಿದ್ದೀಯಾ?” ಎಂದು ಒಡತಿ ಕಿಟಕಿಯಿಂದ ತಲೆ ಹಾಕಿದಳು. “ಏನಾದ್ರೂ ಮರೆತ್ನಾ?”

“ನಾನು ಸುಳ್ಳು ಹೇಳ್ದೆ ಅಕ್ಕಾ.”

“ಏನು?”

“ಬ್ರೇಕ್ ಮೇಲಿಂದ ಕಾಲು ತೆಗೀಬೇಡಿ. ಒತ್ಕೊಂಡೇ ಇರಿ. ಗಟ್ಟಿಯಾಗಿ ಎಣಿಸಿ, ಹತ್ತರ ತನಕ.”

“ತಲೆ ಕೆಟ್ಟಿದೆಯಾ ಇವನಿಗೆ?” ಎಂದು ಅವಳು ಹಿಂದಕ್ಕೆ ತಿರುಗಿ ಕೇಳಿದಳು. ಹಿಂದಿನವರು ಘೊಳ್ಳೆಂದು ನಕ್ಕರು. “ಎಣಿಸು ಅಕ್ಕೋ, ಗಂಡು ಕೇಳ್ತಿದಾನೆ, ಹತ್ತಕ್ಕೆ ಏನೋ ಕೊಡ್ತಾನೇನೋ!” ಎಂದಳು ಒಬ್ಬಳು. ಎಲ್ಲರೂ ಸೇರಿ ಶಾಲೆಯ ಮಕ್ಕಳ ಹಾಗೆ ರಾಗವಾಗಿ ಶುರುಮಾಡಿದರು. ಒಂದು. ಎರಡು. ಮೂರು.

“ಏಯ್ ಡ್ರೈವರ್!” ಎಂದು ಹಿಂದೆ ಅಂಗಳದಿಂದ ಕೂಗು ಬಂತು. ಬೂಟುಗಳ ಸದ್ದು, ಒಂದು ಜೊತೆಯಲ್ಲ, ಬಹಳ. ಫೋಟೋಗೆ ನಿಂತವರೆಲ್ಲ ಓಡಿಬರುತ್ತಿರಬೇಕು. ಮೇಲಿನವರೂ ಬರುತ್ತಿರಬೇಕು. ಸಾಹೇಬರ ಬೂಟಿನ ಸದ್ದು ಅವನಿಗೆ ಬೇರೆಯಾಗಿ ಗೊತ್ತಾಗುತ್ತಿತ್ತು. ಅವನು ತಿರುಗಲಿಲ್ಲ. ಕೈ ಇಳಿಸಲಿಲ್ಲ.

ನಾಲ್ಕು. ಐದು.

ಬಂಪರ್ ಅವನ ಮೊಣಕಾಲಿಗೆ ತಾಗಿತು. ಬಹಳ ಮೆತ್ತಗೆ, ದನ ಮೂತಿ ತಾಗಿಸಿದ ಹಾಗೆ. ಆಮೇಲೆ ಒತ್ತತೊಡಗಿತು. ಅವನು ಎರಡೂ ಅಂಗೈಯನ್ನು ಕಾದ ತಗಡಿಗೆ ಊರಿದ. ಬೂಟಿನ ಹಿಮ್ಮಡಿ ಮಣ್ಣಿನಲ್ಲಿ ಜಾರಿತು. ಆರು, ಎಂದು ಹಿಂದಿನ ಹೆಂಗಸರು ಇನ್ನೂ ರಾಗ ಎಳೆಯುತ್ತಿದ್ದರು, ಆದರೆ ಅದರಲ್ಲಿ ಒಡತಿಯ ದನಿ ಇರಲಿಲ್ಲ. ಅವಳು ಕೆಳಗೆ, ತನ್ನ ಕಾಲಿನ ಕಡೆ ನೋಡುತ್ತಿದ್ದಳು. ನಂತರ ತಲೆಯೆತ್ತಿ ಗಾಜಿನೊಳಗಿಂದ ಅವನನ್ನು ನೋಡಿದಳು. ಬೆಳಗ್ಗೆಯಿಂದ ಯಾರೂ ಅವನನ್ನು ಹಾಗೆ ನೋಡಿರಲಿಲ್ಲ. ಒಬ್ಬೊಬ್ಬರಾಗಿ ಹಿಂದಿನ ದನಿಗಳೂ ನಿಂತವು.

ಈ ಸಂಜೆಯೂ ಮಗಳ ಫೋನು ಬರುತ್ತದೆ. ಸೋಮವಾರ ಬರುವುದಿಲ್ಲ ಎಂದು ಹೇಳಬೇಕು, ಯಾವಾಗ ಬರುತ್ತೇನೆಂದು ಗೊತ್ತಿಲ್ಲ ಎಂದೂ ಹೇಳಬೇಕು. ಎಷ್ಟು ಗಾಡಿ ನಿಲ್ಲಿಸ್ದೆ ಅಪ್ಪಾ ಎಂದು ಕೇಳುತ್ತಾಳೆ. ಒಂದು, ಎಂದರೆ, ಒಂದೇನಾ, ಎಂದು ತುಟಿ ಉಬ್ಬಿಸುತ್ತಾಳೆ ಪಾಪಿ. ಅವನ ಮೊಣಕಾಲು ಉರಿಯುತ್ತಿತ್ತು. ಎಂಟು ಹೆಂಗಸರ ಭಾರ ಪೂರ್ತಿ ಅದರ ಮೇಲೆ ಒರಗಿತ್ತು.

“ಹ್ಯಾಂಡ್‌ಬ್ರೇಕ್ ಅಕ್ಕಾ!” ಎಂದು ಕಿರುಚಿದ. “ನನ್ನ ಮುಖ ಏನ್ ನೋಡ್ತೀರಿ, ಹ್ಯಾಂಡ್‌ಬ್ರೇಕ್ ಎಳೀರಿ!”